ಪಾಂಡವರ ಕಲ್ಲು, ಸರಕಾರದ ಗಡಿ

ಪಕ್ಷಿಧಾಮದ ಗಡಿ ಹಿಗ್ಗಿಸುವ ಕಾನೂನು ಅಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಕ್ಕಿಗಳ ಮೇಲೆ ನನಗೇನೂ ಸಿಟ್ಟಿಲ್ಲ. ಕಾಲುವೆ ಬಂದು ಅದರ ನೀರು ಬಸಿಯತೊಡಗಿದ ಮೇಲೆ ಸುರಪುರ ಸೀಮೆಯ ನಮ್ಮೂರ ಕೆರೆ ಬೇಸಿಗೆಯಲ್ಲೂ ಬತ್ತಲಿಲ್ಲ, ಹಕ್ಕಿಗಳು ಬಂದವು. ಅವುಗಳ ಬೆನ್ನಿಗೇ ಸರಕಾರ ಬಂತು.

ಒಂದು ಚಳಿಗಾಲ ಅಳತೆಯವರು ಬಂದು, ಸುಣ್ಣ ಬಳಿದ ಸಣ್ಣ ಕಲ್ಲುಗಳನ್ನು ಗೋಮಾಳದ ಅಂಚಿಗೆ ಸಾಲಾಗಿ ಇಟ್ಟು ಹೋದರು. ಕೆರೆಯಷ್ಟೇ ಇದ್ದ ಪಕ್ಷಿಧಾಮಕ್ಕೆ ಗೋಮಾಳವನ್ನೂ ಸೇರಿಸುವ ಗುರುತು ಅದು ಎಂದು ನಮಗೆ ತಿಳಿದದ್ದು ಆಮೇಲೆ. ಊರಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಎರಡೆಕರೆ ಜೋಳದ ಹೊಲ ಆ ಸಾಲಿನ ಹೊರಗೇ ಇತ್ತು.

ವಾರಕ್ಕೆ ಎಳ್ಳಮಾಸಿ ಬಂತು. ಶಿರವಾಳದ ಕಡೆ ಸರಕಾರಿ ಶಾಲೆಯಲ್ಲಿ ಆಗಷ್ಟೇ ಟೀಚರ್ ಆಗಿದ್ದ ನಾನು ಹಬ್ಬಕ್ಕೆ ಬಂದಿದ್ದೆ. ಅವತ್ತು ನಮ್ಮಲ್ಲಿ ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಎಡೆಯ ಅಡುಗೆಯನ್ನು ಪೈರಿಗೆ ಚರಗವೆಂದು ಚೆಲ್ಲಿ ಉಣ್ಣುತ್ತೇವೆ. ಕಡಬಿನ ಬುಟ್ಟಿ ಹೊತ್ತು ಬಂದ ಅವ್ವನಿಗೆ ಸುಣ್ಣ ತರುವುದು ಮರೆತುಹೋಗಿತ್ತು.

"ಅಲ್ಲಿ ಸುಣ್ಣ ಹಚ್ಚಿದ್ದೇ ಅದಾವಲ್ಲ, ಐದು ಎತ್ಕೊಂಡು ಬಾ" ಅಂದಳು.

ನಾನೇ ಹೋಗಿ ತಂದೆ. ಓದಿದ ನನ್ನ ತಲೆಗೂ ಏನೂ ಹೊಳೆಯಲಿಲ್ಲ. ಪೂಜೆ ಮುಗಿಸಿ, ಉಂಡು, ಕಲ್ಲುಗಳನ್ನು ಅಲ್ಲೇ ಬಿಟ್ಟು ಬಂದೆವು. ಪೂಜೆ ಮಾಡಿದ್ದನ್ನು ಯಾರಾದರೂ ಎತ್ತಿ ಎಸೆಯುತ್ತಾರೆಯೇ?

ಬೇಸಿಗೆಯಲ್ಲಿ ಬೇರೆ ಯಾರೋ ಬಂದು ಬಿಳಿ ಕಲ್ಲು ಕಂಡಲ್ಲೆಲ್ಲ ಸಿಮೆಂಟ್ ಕಂಬ ನೆಟ್ಟರು. ನೆಟ್ಟಗೆ ಬರುತ್ತಿದ್ದ ಗೆರೆ ನಮ್ಮ ಬನ್ನಿಗಿಡದವರೆಗೆ ಹೊಟ್ಟೆ ಉಬ್ಬಿಸಿಕೊಂಡು ಹೋಗಿ, ಹೊಲವನ್ನು ನುಂಗಿ ವಾಪಸು ಬಂತು. ಕಲ್ಲಿನ ಮೇಲಿನ ಕುಂಕುಮ, ಒಣಗಿದ ಹೂವು ನೋಡಿಯೂ ಒಬ್ಬ ಪುಣ್ಯಾತ್ಮನಿಗೆ ಅನುಮಾನ ಬರಲಿಲ್ಲ. ಅದೇ ನಕಾಶೆ ಇಟ್ಟುಕೊಂಡು ಬೆಂಗಳೂರಿನಲ್ಲಿ ಕಾನೂನು ಪಾಸು ಮಾಡಿದರು. ತಕರಾರು ಕೇಳಲು ಸಾಹೇಬರು ನಮ್ಮೂರ ಶಾಲೆಗೆ ಬಂದದ್ದು ಅದೆಲ್ಲ ಆದಮೇಲೆ! ಕಲ್ಲು ಜರುಗಿದ್ದರಿಂದ ಗೆರೆ ತಪ್ಪಿದೆ ಎಂದು ಊರವರು ಹೇಳಿದರು.

"ಅಳತೆ ಕಲ್ಲು ಎತ್ತಿದ್ದು ಅಪರಾಧ. ಎತ್ತಿದವರು ಬರೆದುಕೊಟ್ಟರೆ ಮರು ಅಳತೆಗೆ ಕಳಿಸಬಹುದು. ಕೇಸು ಮಾತ್ರ ತಪ್ಪೋದಿಲ್ಲ" ಅಂದರು ಸಾಹೇಬರು.

ನಾನು ಬಾಯಿಬಿಟ್ಟರೆ ನನ್ನ ಹೊಸ ನೌಕರಿ ಹೋಗುತ್ತಿತ್ತು. ಯಾರೂ ಬಾಯಿಬಿಡದಿದ್ದರೆ ಹೊಲ ಹೋಗುತ್ತಿತ್ತು. ಅವ್ವ ಎದ್ದು ನಿಂತಳು.

"ನಾನೇ ತಂದಿಟ್ಟೀನ್ರಿ. ಪಾಂಡವರು ಅಂತ ಇಟ್ಟೀನಿ. ನಿಮ್ಮ ಗಡಿ ಅಂತ ನಮಗೇನು ಗೊತ್ರಿ? ಯಾರರ ಬಂದು ಹೇಳೀರೇನು?"

"ಒಬ್ಬಾಕಿನೇ ಐದೂ ಕಲ್ಲು ತಂದೆಯೇನಮ್ಮ?"

"ತಂದೀನ್ರಿ. ಬರಕೋರ್ರಿ."

ಹೆಬ್ಬೆಟ್ಟು ಒತ್ತಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ನಾನು ಎದ್ದುಬಿಡುತ್ತೇನೆಂದು ಆಕೆಗೆ ಹೆದರಿಕೆ.

ಕೇಸಾಯಿತು, ಅವ್ವ ಕೋರ್ಟಿಗೆ ಅಲೆದಳು. ಮರು ಅಳತೆ ಆಗಲೇ ಇಲ್ಲ. ಕಾನೂನಿನಲ್ಲಿ ಸೇರಿಹೋದ ಹೊಲವನ್ನು ಇನ್ನೊಂದು ಕಾನೂನೇ ಹೊರಗೆ ತೆಗೆಯಬೇಕಂತೆ. ಇದನ್ನೆಲ್ಲ ಹೇಳುವಾಗ ಸರಕಾರಕ್ಕೆ ಬಾಯಿಗೆ ಬಂದಂತೆ ಬೈಯುತ್ತೇನೆ, ಕೇಳಿದವರೂ ಹೌದೆನ್ನುತ್ತಾರೆ. ಅವತ್ತು ಶಾಲೆಯಲ್ಲಿ ಅವ್ವನ ಪಕ್ಕದ ಬೆಂಚಿನಲ್ಲೇ ಕುಳಿತಿದ್ದೆ. ಏಳಲಿಲ್ಲ.