ರಬ್ಬರ್ ಹಾಳೆಯ ಕೆಳಗಿನ ನೀರು

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಕರಿಹಲಗೆಯ ಮೇಲೆ ಎಷ್ಟೋ ಸಲ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ನನ್ನ ಮನೆಯ ಮಾಳಿಗೆಯ ಮೇಲೆ ಬಿದ್ದ ನೀರು ಎಲ್ಲಿ ಹೊಕ್ಕು ಎಲ್ಲಿ ಇಳಿಯುತ್ತದೆ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.

ಶಹಾಪುರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಬಾಗಿಲು ಓಣಿಗೆ. ಓಣಿಯ ಆಚೆ ಖಾರ ಕುಟ್ಟುವ ಗಿರಣಿ. ನನ್ನ ಹೆಂಡತಿಗೆ ದಮ್ಮು. ಗಿರಣಿ ಶುರುವಾಯಿತೆಂದರೆ ಮುಂದಿನ ಕೋಣೆಯಲ್ಲಿ ಅವಳು ಹತ್ತು ನಿಮಿಷ ಕೂಡಲಾರಳು. ಹಾಗಾಗಿ ಹಿಂದಿನ ಕೋಣೆಯೇ ಅವಳದು. ಅಲ್ಲಿ ಅವಳ ಮಂಚ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ.

ಆ ಗೋಡೆಯನ್ನು ನೋಡಿ ನೋಡಿ ಅವಳಿಗೆ ಸಾಕಾಗಿದೆ ಎಂದು ಅನ್ನಿಸಿ ಒಂದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಟ್ಟಣಿಗೆ ಕಟ್ಟಿಸಿದೆ. ಮುಚ್ಚಿಹೋದ ಹತ್ತಿ ಗಿರಣಿಯ ಹಳೆಯ ಹಲಗೆಗಳು, ಕೆಳಗೆ ಎಂಟು ಕಬ್ಬಿಣದ ಕಾಲು. ಮಾಳಿಗೆಯ ಸುತ್ತ ಕುಂಬಿ ಎತ್ತರ, ನಿಂತರೂ ಆಚೆ ಕಾಣದು. ಅಟ್ಟಣಿಗೆ ಏರಿ ಕೂತರೆ ಮಾತ್ರ ಗಾಳಿಯೂ ಬರುತ್ತದೆ, ಮಲಗಿದ ಬುದ್ಧನ ಗುಡ್ಡವೂ ಕಾಣುತ್ತದೆ. ಹಣೆ, ಮೂಗು, ಎದೆ ಎಂದು ಅವಳು ದಿನವೂ ಬೆರಳು ಮಾಡಿ ತೋರಿಸುವಳು, ನಾನು ಮೊದಲ ಸಲ ನೋಡುತ್ತಿರುವಂತೆ.

"ಇಲ್ಲಿ ಕುಂತ್ರ ಎದಿ ಖುಲ್ಲಾ ಆಗ್ತದ ನೋಡ್ರಿ," ಎನ್ನುತ್ತಿದ್ದಳು. ಆ ಮಾತು ಕೇಳಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಈಗ ನೆನೆಸಿಕೊಳ್ಳಲು ಭಯವಾಗುತ್ತದೆ.

ಗಾಳಿಗೆ ಅಲುಗಬಾರದೆಂದು ಎಂಟೂ ಕಾಲುಗಳನ್ನು ಸ್ಲ್ಯಾಬಿಗೆ ಡ್ರಿಲ್ ಹೊಡೆಸಿ ಬೋಲ್ಟು ಬಿಗಿಸಿದ್ದು ನನ್ನದೇ ಬುದ್ಧಿ. ಮೊದಲ ಮಳೆಗಾಲದಲ್ಲೇ ಅವಳ ಮಂಚದ ಮೇಲಿನ ಚಾವಣಿಯಲ್ಲಿ ತಾಟಿನಗಲ ಒದ್ದೆ ಮೂಡಿತು. ದೀಪಾವಳಿಯ ಹೊತ್ತಿಗೆ ಅದು ಗೋಡೆಗಿಳಿದು ಕರಿ ಬೂಸ್ಟು ಹಿಡಿಯಿತು. ಅವಳ ಉಸಿರು ಮೊದಲಿಗಿಂತ ಕೆಟ್ಟಿತು. ಯಾದಗಿರಿಯ ಡಾಕ್ಟರು ಎಕ್ಸ್‌ರೇ ನೋಡಿ ಮುಗಿಸಿ, ಅವಳು ಮಲಗುವ ಕೋಣೆ ಎಂಥದೆಂದು ಕೇಳಿದರು. ನಾನು ಹೇಳಿದೆ.

"ಕೋಣಿ ಒಣಗೋತನಕ ನಾ ಏನ ಕೊಟ್ರೂ ಉಪಯೋಗ ಇಲ್ರಿ, ಮಾಸ್ತರ," ಎಂದರು.

ಅಟ್ಟಣಿಗೆ ಕಿತ್ತು ಒಗೆಯುತ್ತೇನೆ ಎಂದೆ. ಅವಳು ಜಗಳ ಮಾಡಲಿಲ್ಲ. ಎರಡು ದಿನ ಕತ್ತಲಾಗುವವರೆಗೂ ಅಟ್ಟಣಿಗೆಯ ಮೇಲೇ ಕೂತಳು, ಅಷ್ಟೇ. ಮೇಲೆ ಹೋದರೆ ಉಸಿರು, ಕೆಳಗೆ ಬಂದರೆ ಬೂಸ್ಟು. ಎರಡನ್ನೂ ಉಳಿಸಿಕೊಡುತ್ತೇನೆ ಎಂದು ನಾನು ಹಟ ಹಿಡಿದೆ.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ರಬ್ಬರ್ ಹಾಳೆಯ ವಿದ್ಯೆ ಕಲಿತೆ. ಹೈದರಾಬಾದಿನಿಂದ ಲಾರಿಯಲ್ಲಿ ಕರಿ ಸುರುಳಿ ಬಂತು. ಬಿಚ್ಚಿದರೆ ಸೈಕಲ್ ಟ್ಯೂಬಿನ ವಾಸನೆ. ಗೌಂಡಿಯನ್ನು ಕರೆಸಿ ಅಟ್ಟಣಿಗೆ ಬಿಚ್ಚಿಸಿದೆ. ಬೋಲ್ಟಿನ ತೂತುಗಳಿಗೆ ಸಿಮೆಂಟು ತುಂಬಿಸಿ, ಸ್ಲ್ಯಾಬ್ ಉಜ್ಜಿ, ಒಣಗಿಸಿ, ಅಂಟು ಬಳಿದು ಹಾಳೆ ಹಾಸಿದೆವು. ಒಂದು ಹಾಳೆಯ ಅಂಚಿನ ಮೇಲೆ ಇನ್ನೊಂದು ಗೇಣಗಲ ಕೂಡಬೇಕು, ಕುಂಬಿಯ ಮೇಲೂ ಒಂದು ಗೇಣು ಹತ್ತಬೇಕು. ಈ ಸಲ ಕಾಲುಗಳಿಗೆ ಬೋಲ್ಟಿಲ್ಲ. ದಪ್ಪ ರಬ್ಬರ್ ತುಂಡಿನ ಮೇಲೆ ಸುಮ್ಮನೆ ನಿಲ್ಲುತ್ತವೆ. ಎಲ್ಲ ಸರಿಯಾಗಿಯೇ ಮಾಡಿದ್ದೆವು.

"ಸರ, ಅಟ್ಟಣಗಿ ಇಡಾಕಿಂತ ಮೊದಲ ನೀರು ನಿಲ್ಲಿಸಿ ಎರಡ ದಿನ ನೋಡ್ರಿ. ಕೆಳಗ ಜಿನುಗಲಿಲ್ಲಂದ್ರ ಗೆದ್ದಂಗ," ಎಂದ ಗೌಂಡಿ.

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತದೆ. ಅಂಥ ನೀರನ್ನು ಮಾಳಿಗೆಗೆ ಸುರಿಯುವುದೆಂದರೆ ಅವಳಿಗೆ ನಾಚಿಕೆ. "ಮಂದಿ ಏನಂದಾರು," ಎಂದಳು. ನಾನು ಕೇಳಲಿಲ್ಲ. ನಳ ಬಂದ ದಿನ ಮಾಳಿಗೆಯ ನೀರು ಹೊರಹೋಗುವ ಕೊಳವೆಗೆ ಬಟ್ಟೆ ಬಿಗಿದು ಎರಡು ಬೆರಳು ನೀರು ನಿಲ್ಲಿಸಿ, ಕುಂಬಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಾರನೆಯ ಬೆಳಿಗ್ಗೆ ನೀರು ಗೆರೆಯಲ್ಲೇ ಇತ್ತು. ಕೆಳಗೆ ಚಾವಣಿ ಒಣಗಿತ್ತು. ನಾನು ಶಿಳ್ಳೆ ಹಾಕುತ್ತ ಶಾಲೆಗೆ ಹೋದೆ.

ಸಂಜೆ ಬಂದು ಮಾಳಿಗೆ ಹತ್ತಿದರೆ ನೀರಿಲ್ಲ. ಗೆರೆ ಇದೆ, ಕೊಳವೆಯ ಬಟ್ಟೆ ಹಾಗೇ ಇದೆ, ಕರಿ ರಬ್ಬರು ಬಿಸಿಲಿಗೆ ಹೊಳೆಯುತ್ತಿದೆ.

ಆ ದಿನ ಗಿರಣಿಯ ಪಕ್ಕದ ಮನೆಯ ಮುದುಕ ತೀರಿಕೊಂಡಿದ್ದ. ಮಣ್ಣು ಮಾಡಿ ಬಂದವರು ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿಲ್ಲ. ಓಣಿಯ ಆ ಬದಿಗೆ ನಳದ ಪಾಳಿ ಬೇರೆ, ಅದಕ್ಕೆ ಇನ್ನೂ ಮೂರು ದಿನ ಇತ್ತು, ಡ್ರಮ್ಮುಗಳ ತಳ ಕಂಡಿತ್ತು. ನಮ್ಮ ಡ್ರಮ್ಮಿನದನ್ನು ಕೊಟ್ಟ ಮೇಲೂ ಸಾಲದೆ ಹೋದಾಗ ಇವಳೇ ಹೆಂಗಸರನ್ನು ಮಾಳಿಗೆಗೆ ಕಳಿಸಿದ್ದಳು. ಎರಡು ಬೆರಳು ನೀರಿನಲ್ಲಿ ಕೊಡ ಮುಳುಗುವುದಿಲ್ಲ. ಸ್ಟೀಲಿನ ತಾಟುಗಳಿಂದ ಗೋರಿ ಗೋರಿ ಬಕೆಟ್ಟಿಗೆ ತುಂಬಿ ಒಯ್ದಿದ್ದರು.

ನಾನು ಕೂಗಾಡಿದೆ. ಓಣಿಗೆಲ್ಲ ಕೇಳುವಂತೆ, ಹೆಣ ಹೋದ ಮನೆಗೂ ಕೇಳುವಂತೆ ಕೂಗಾಡಿದೆ.

"ಸತ್ತ ಮನ್ಯಾಗಿಂದ ನೀರ ಕೇಳಾಕ ಬಂದ್ರ, ಮಾಳಗಿ ಮ್ಯಾಲ ಕೆರಿ ತುಂಬಿಸಿಕೊಂಡು ಇಲ್ಲ ಅನ್ನಲೇನ್ರಿ?" ಎಂದಳು ಅವಳು. ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರು ತೆಗೆದುಕೊಂಡಳು.

ನನ್ನ ಸಿಟ್ಟು ಇಳಿಯಲಿಲ್ಲ. ಮತ್ತೆ ನಳ ಬರಲು ಏಳು ದಿನ. ಪಕ್ಕದ ಊರು ಸಗರದ ಕಡೆ ಆಗಲೇ ಮೋಡ ಕಟ್ಟುತ್ತಿತ್ತು, ಗೌಂಡಿಗೆ ಬೇರೆ ಊರಿನ ಕೆಲಸ ಕಾದಿತ್ತು. ಒಂದು ರಾತ್ರಿ ನೀರು ನಿಂತದ್ದೇ ಸಾಕು ಎಂದುಕೊಂಡು ಮರುದಿನವೇ ಅಟ್ಟಣಿಗೆ ಇಡಿಸಿದೆ. ಆ ಮೊದಲು ಮಂಡಿಯೂರಿ ಹಾಳೆಯ ಅಂಚುಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಬೇಕಿತ್ತು. ಮಕ್ಕಳು ಹೀಗೆ ಪ್ರಯೋಗ ಮಾಡಿದ್ದರೆ ನಾನು ಪುಸ್ತಕ ಹರಿದು ಎಸೆಯುತ್ತಿದ್ದೆ.

ಎರಡನೆಯ ಮಳೆಗೆ ಒದ್ದೆ ಅದೇ ಜಾಗದಲ್ಲಿ ಬಂತು.

ಅಟ್ಟಣಿಗೆ ಮತ್ತೆ ಬಿಚ್ಚಿಸಿದಾಗ ಗೊತ್ತಾಯಿತು: ತಾಟಿನ ಅಂಚು ತಾಗಿ ಹಾಳೆಯ ಬೆಸುಗೆ ಮೂರು ಕಡೆ ಎದ್ದಿತ್ತು. ಅಂಟು ಇನ್ನೂ ಹಸಿಯಿದ್ದಾಗಲೇ ಗೋರಿದ್ದರು. ತೇಪೆ ಹಾಕಿಸಿದೆ, ನೀರು ಬೇರೆ ಕಡೆ ಇಳಿಯಿತು. ಅಲ್ಲಿಯೂ ಹಾಕಿಸಿದೆ. ಗೌಂಡಿ ಕೊನೆಗೆ ಬೀಡಿ ಆರಿಸಿ ಹೇಳಿದ:

"ಒಮ್ಮೆ ರಬ್ಬರ ಕೆಳಗ ನೀರು ಹೊಕ್ಕಿತಂದ್ರ ಮುಗೀತ್ರಿ ಸರ. ಮ್ಯಾಲ ಆರಂಗಿಲ್ಲ, ಕೆಳಗ ನಿಂದ್ರಂಗಿಲ್ಲ. ಎಲ್ಲಾ ಕಿತ್ತು ಸ್ಲ್ಯಾಬ್ ಒಂದ ಬ್ಯಾಸಗಿ ಒಣಗಬೇಕು."

ಒಂದು ಬೇಸಿಗೆ ಕಾಯುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಮಳೆ ಬರುವುದನ್ನು ಹಾಳೆ ತಡೆಯಲಿಲ್ಲ, ಒಳಗಿನ ತೇವ ಆರುವುದನ್ನು ಮಾತ್ರ ಚೆನ್ನಾಗಿ ತಡೆಯಿತು. ಹಾಳೆ ಇಲ್ಲದಿದ್ದರೆ ಬಿಸಿಲಿಗಾದರೂ ಕೋಣೆ ಒಣಗುತ್ತಿತ್ತು.

ಕಾರಣ ಅವಳಿಗೆ ಹೇಳಬಾರದೆಂದಿದ್ದೆ. ಆದರೆ ತಾಟು ತಾಗಿಯೇ ಬೆಸುಗೆ ಎದ್ದಿದೆ ಎಂಬ ಗೌಂಡಿಯ ಮಾತು ಮೆಟ್ಟಿಲಿನ ಕೆಳಗೆ ಕೇಳಿಸಿತ್ತು. "ಹಂಗಾದ್ರ ನಾನೇ ತೂತ ಮಾಡಿಸಿದಂಗಾತು," ಎಂದು ಆ ಸಂಜೆ ಅವಳೇ ಎತ್ತಿದಳು. ಕೈಯಾಡಿಸಿ ನೋಡದಿದ್ದದ್ದು ನಾನು, ತಪ್ಪು ನನ್ನದು ಎಂದೆ. ನಂಬಲಿಲ್ಲ. ಅಂದು ಅಷ್ಟು ಜೋರಾಗಿ ಬೈದವನ ಮಾತನ್ನು ಯಾರು ನಂಬುತ್ತಾರೆ? ಆಮೇಲೆ ಎಷ್ಟು ಸಲ ಹೇಳಿದರೂ, ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತಾಳೆ.

ತೇಪೆಯಾದ ಮೇಲೆ ಅಟ್ಟಣಿಗೆಯನ್ನು ಮತ್ತೆ ನಿಲ್ಲಿಸಿದ್ದೇವೆ, ಆದರೆ ಈಗ ಅವಳು ಮೆಟ್ಟಿಲು ಹತ್ತಲಾರಳು. ಮಂಚವನ್ನು ಕೋಣೆಯ ಇನ್ನೊಂದು ಮೂಲೆಗೆ ಸರಿಸಿದ್ದೇವೆ, ಹನಿ ಬೀಳುವಲ್ಲಿ ಬಕೆಟ್ ಇಟ್ಟಿದ್ದೇವೆ. ಮೊನ್ನೆ ಜಿಟಿಜಿಟಿ ಮಳೆ ನಿಂತ ಮೇಲೆ, "ಮ್ಯಾಲ ಹೋಗಿ ಬರ್ರಿ, ಅಟ್ಟಣಗಿ ಹ್ಯಾಂಗದ ನೋಡಿ," ಎಂದಳು. ಹೋದೆ. ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟಿದ್ದೆ, ಮೆಟ್ಟಿಲಿನ ಬಾಯಿಯಿಂದ ಅವಳ ದನಿ ಬಂತು.

"ಅಡ್ಡಾಡಬ್ಯಾಡ್ರಿ! ನೀವು ಹೆಜ್ಜಿ ಇಟ್ಟಂಗ ಇಲ್ಲಿ ಹನಿ ಬೀಳಾಕತ್ತದ!"

ನನ್ನ ಭಾರಕ್ಕೆ ಅಟ್ಟಣಿಗೆಯ ಕಾಲುಗಳು ಹಾಳೆಯನ್ನು ಒತ್ತುತ್ತಿದ್ದವು, ಕೆಳಗೆ ನಿಂತ ನೀರು ಅವಳ ಕೋಣೆಗೆ ಇಳಿಯುತ್ತಿತ್ತು. ಇದ್ದಲ್ಲೇ ಕೂತೆ. ಅಲುಗಲಿಲ್ಲ.

ಕೆಳಗಿನಿಂದ ಮತ್ತೆ ಅವಳ ದನಿ. "ಗುಡ್ಡ ಕಾಣ್ತದೇನ್ರಿ?"

ಎದುರಿಗೆ ಬರೀ ಮೋಡ. ಹಣೆಯಿಲ್ಲ, ಮೂಗಿಲ್ಲ, ಎದೆಯಿಲ್ಲ.

"ಕಾಣ್ತದ," ಎಂದು ಕೂಗಿದೆ. "ಛಲೋ ಕಾಣ್ತದ."