ಹೊಕ್ಕಳಬಳ್ಳಿಯ ರಕ್ತ ಕೇಳಲು ಹೋದಾಗ

ಗರ್ಭಿಣಿಯರನ್ನು ಹುಡುಕಿಕೊಂಡು ಹೋಗುವುದೇ ಆ ವರ್ಷಗಳಲ್ಲಿ ನನ್ನ ಕೆಲಸವಾಗಿತ್ತು. ಮಗು ಹುಟ್ಟಿದ ಕೂಡಲೇ ಹೊಕ್ಕಳಬಳ್ಳಿಯಲ್ಲಿ ಉಳಿದ ರಕ್ತವನ್ನು ತೆಗೆದು, ಮುಂದೆ ಯಾವುದಾದರೂ ಕಾಯಿಲೆಗೆ ಬೇಕಾದೀತೆಂದು ಕಾಪಿಡುವ ಕಂಪನಿಯೊಂದರ ಕೆಲಸ ಅದು. ಜಮಖಂಡಿ, ಮುಧೋಳದ ಹೆರಿಗೆ ಆಸ್ಪತ್ರೆಗಳ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಅಲ್ಲಿಗೆ ಬಂದವರ ಜೊತೆ ಅವ್ವನೋ ಅತ್ತೆಯೋ ಇರುತ್ತಿದ್ದರು; ನನ್ನ ಪಕ್ಕದಲ್ಲಿ ಚೀಲ.

ಮುಧೋಳದ ಆಸ್ಪತ್ರೆಯಲ್ಲಿ ಸಿಕ್ಕ, ರನ್ನ ಬೆಳಗಲಿ ಊರಿನ ಒಬ್ಬ ಹೆಣ್ಣುಮಗಳು ಮನೆಗೆ ಬರಲು ಹೇಳಿದಳು. ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಕೈತುಂಬ ಹಸಿರು ಬಳೆ ಇದ್ದವೆಂದು ನೆನಪು. ಆದರೆ ಬಸುರಿಯರನ್ನೆಲ್ಲ ನಾನು ಹಸಿರು ಬಳೆಯಲ್ಲೇ ನೆನೆಯುತ್ತೇನೆ, ಆ ನೆನಪನ್ನು ನಂಬಲಾರೆ.

ಕಂಬಳಿ ಹಾಸಿ ಕೂರಿಸಿದರು. ನನ್ನ ಮಾತೆಲ್ಲ ಮುಗಿದ ಮೇಲೆ ಅವಳ ಅಜ್ಜಿ ಕೇಳಿದಳು, “ಆ ರಕ್ತ ಎಲ್ಲಿ ಇಡ್ತೀರಿಬೇ?”

“ದೂರದ ಶಹರದಾಗ್ರೀ ಆಯಿ. ಭಾಳ ಥಂಡಿ ಇರೂ ಟಾಕಿಯೊಳಗ.”

“ನಾವು ಬಳ್ಳಿ ಹಿತ್ತಲದಾಗ ಹುಗೀತೀವಿ. ಕೂಸು ಎಲ್ಲಿ ಹೋದ್ರೂ ಇದ ತನ್ನ ಮನಿ ಅಂತ ತಿಳೀಬೇಕು. ನಿಂದೆಲ್ಲಿ ಹುಗದಾರ?”

“ಅನಗವಾಡಿ ಕಡೆ, ಹೊಳಿ ದಂಡಿ ಮನ್ಯಾಗ. ಈಗ ಅಲ್ಲಿ ಡ್ಯಾಮಿನ ನೀರು ನಿಂತೈತ್ರೀ.”

“ಹಂಗಾರ ನಿಂದೂ ಥಂಡ್ಯಾಗ ಐತಿ ತಗೋ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸುರಿ ನಗಲಿಲ್ಲ.

“ಅಕ್ಕಾರ, ಇದನ್ನ ಮಾಡಿಸಿದ್ರ ಈ ಕೂಸು ಉಳೀತೈತೇನ್ರೀ?”

ಇದು ವಿಮೆ ಇದ್ದಂತೆ ಎನ್ನಬೇಕೆಂದು ನಮಗೆ ಕಲಿಸಿದ್ದರು. ಅವಳ ಮುಖ ನೋಡಿ ಅದು ಬಾಯಿಗೆ ಬರಲಿಲ್ಲ.

“ಹುಟ್ಟೂ ಹೊತ್ತಿನ್ಯಾಗ ಇದರಿಂದ ಏನೂ ಆಗೂದಿಲ್ರೀ. ಮುಂದ ಯಾವುದಾರ ಜಡ್ಡಿಗೆ ಉಪಯೋಗಕ್ಕ ಬಂದ್ರ ಬಂತು. ಖರೆ ಅಂದ್ರ ಇಷ್ಟ.”

ಧೈರ್ಯದಿಂದ ಹೇಳಿದೆನೋ, ಬರೀ ದಣಿವಿನಿಂದಲೋ, ಗೊತ್ತಿಲ್ಲ.

“ಹಂಗಾರ ಬ್ಯಾಡ್ರಿ,” ಅಂದಳು. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದಳು, “ಹಡಿಯೂ ದಿನ ನೀವಾರ ದವಾಖಾನಿಗೆ ಬರ್ತೀರೇನ್ರಿ? ನಮ್ಮವ್ವಗ ಡಾಕ್ಟರ ಮಾತು ತಿಳಿಯೂದಿಲ್ಲ.”

ಬರುತ್ತೇನೆ ಅಂದೆ, ನಂಬರು ಕೊಟ್ಟೆ. ಫೋನು ಬರಲಿಲ್ಲ. ದಿನ ತುಂಬಿದಾಗ ಮುಧೋಳದ ಆಸ್ಪತ್ರೆಯಲ್ಲಿ ವಿಚಾರಿಸಿದೆ. ನೋವು ಜಾಸ್ತಿಯಾಗಿ ಬೇರೆ ಕಡೆ ಒಯ್ದರೆಂದಳು ನರ್ಸ್. ಎಲ್ಲಿಗೆಂದು ಅವಳಿಗೂ ತಿಳಿದಿರಲಿಲ್ಲ. ನಿಲ್ದಾಣದಲ್ಲಿ ಬೆಳಗಲಿಯ ಬಸ್ಸು ನಿಂತಿತ್ತು. ಕೂಸು ಉಳಿದಿದ್ದರೆ ಸರಿ. ಇಲ್ಲದಿದ್ದರೆ, ಆ ಮನೆಯ ಬಾಗಿಲಲ್ಲಿ ನಾನು ಯಾರೆಂದು ಹೇಳಿ ನಿಲ್ಲಲಿ? ನಾನು ಹತ್ತಲಿಲ್ಲ, ಬಸ್ಸು ಹೊರಟಿತು.