ಚಿಲಕದ ಮೇಲಿನ ಕೈ

ಬಾಗಿಲ ಆಚೆಯಿಂದ ಬಂಗುಡೆ ಸಾರಿನ ಪರಿಮಳ ಬರುತ್ತಿದೆ. ಅಂದರೆ ಹೆಂಡತಿ ಸುಮತಿ ಒಳಗಿದ್ದಾಳೆ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ಆದರೂ ಬೆಲ್ ಒತ್ತಿ ನಿಂತಿದ್ದೇನೆ. ಬನ್ನಂಜೆಯ ಈ ಮನೆಯಲ್ಲಿ ಇಷ್ಟು ವರ್ಷ ಬೆಲ್ ಮುಟ್ಟದವನಿಗೆ ವಾರದಿಂದ ಇದೆಂಥ ಖಯಾಲಿ ಎಂದು ನೀವು ಕೇಳಿದರೆ, ಹಳೆಯ ಸಿನಿಮಾವೊಂದರ ವಿಷಯ ಹೇಳಬೇಕಾಗುತ್ತದೆ.

ಅದನ್ನು ಮಣಿಪಾಲದಲ್ಲಿ ನಾವಿಬ್ಬರೂ ಒಟ್ಟಿಗೆ ನೋಡಿದ್ದೆವು. ಮದುವೆಯಾಗೋಣವೇ ಎಂದು ನಾನು ಕೇಳಿಯಾಗಿತ್ತು. ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಸಿನಿಮಾದಲ್ಲಿ ಗಂಡನನ್ನು ಬಿಟ್ಟು ಒಂಟಿಯಾಗಿರುವ ಒಬ್ಬ ಹೆಂಗಸು. ಕೊನೆಗೆ ಅವನು ಬಂದು ಬಾಗಿಲು ತಟ್ಟುತ್ತಾನೆ. ಅವಳು ಎದ್ದು ಚಿಲಕದ ಮೇಲೆ ಕೈಯಿಡುತ್ತಾಳೆ. ಅಲ್ಲಿಗೆ ಪರದೆ ಕತ್ತಲು.

ನನಗೋ ಸಾಹಿತ್ಯ ಪಾಠ ಮಾಡುವವನ ಚಟ. ನನ್ನ ಊರು ಕಾಪು, ಅವಳದು ಬೇರೆ ದಿಕ್ಕಿನ ಕಾರ್ಕಳ. ಆದರೂ ವಾದ ಮುಗಿಯಲಿಲ್ಲವೆಂದು ಅವಳ ಹಿಂದೆ ಅವಳ ಬಸ್ಸನ್ನೇ ಹತ್ತಿದೆ. ಕಾದಂಬರಿಯಾದರೆ ಬಾಗಿಲು ತೆಗೆಸಲೇಬೇಕು, ಮುಂದಿನ ಅಧ್ಯಾಯಕ್ಕೆ ಜನ ಬೇಕಲ್ಲ. ಇದು ಸಣ್ಣಕಥೆಯ ಜಾತಿ, ಒಂಟಿತನದ ರುಚಿ ಹತ್ತಿದವಳು ತೆಗೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಕೊರೆದೆ. ಇಳಿಯುವಾಗ ಸುಮತಿ ಅಂದಳು: "ತೆಗೆಯಲಿಕ್ಕೆ ಮನಸ್ಸಿಲ್ಲದವಳು ಏಳುವುದು ಎಂತಕ್ಕೆ ಮಾರಾಯ್ರೆ? ಅವಳು ತೆಗೀತಾಳೆ. ನಾನೂ ತೆಗೀತೇನೆ."

ನನಗೆ ಒಪ್ಪಿಗೆ ಸಿಕ್ಕಿದ್ದು ಹೀಗೆ. ವಾದದಲ್ಲಿ ಸೋತು ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಕಳೆದ ವಾರ ಟಿವಿಯಲ್ಲಿ ಮತ್ತೆ ಅದೇ ಸಿನಿಮಾ ಬಂತು. ಕೊನೆಯ ದೃಶ್ಯಕ್ಕೆ ಸುಮತಿಯತ್ತ ನೋಡಿ ನಕ್ಕೆ. ಅವಳು ನಗಲಿಲ್ಲ.

"ಆಗ ನಾನು ಸರಿಯಾಗಿ ನೋಡಿರಲಿಲ್ಲ ಅಂತ ಕಾಣ್ತದೆ," ಅಂದಳು. "ಅವಳು ತೆಗೆಯಲಿಕ್ಕೆ ಎದ್ದದ್ದಲ್ಲ. ಚಿಲಕ ಸರಿಯಾಗಿ ಬಿದ್ದುಂಟಾ ಅಂತ ನೋಡಲಿಕ್ಕೆ ಎದ್ದದ್ದು."

ನನಗೆ ಹೆದರಿಕೆಯಾಯಿತು. ಓದಿದ ಕಾದಂಬರಿಗಳನ್ನೆಲ್ಲ ಸಾಕ್ಷಿಗೆ ಕರೆದು, ತೆಗೆದೇ ತೆಗೆಯುತ್ತಾಳೆಂದು ವಾದಿಸಿದೆ. ಎಲ್ಲವನ್ನೂ ಕೇಳಿ, "ಅವಳ ವಿಷಯ ಇಷ್ಟು ಹೇಳ್ತೀರಿ. ನನ್ನನ್ನು ಒಂದು ಮಾತು ಕೇಳಿದ್ದುಂಟಾ?" ಎಂದು ಮಲಗಲು ಹೋದಳು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಪಾಠದ ಮಧ್ಯೆಯೂ ಆ ಕೈ ಕಣ್ಣ ಮುಂದೆ ಬರುತ್ತದೆ. ಬೆಲ್ ಒತ್ತುವುದು ಅವಳು ತೆಗೆಯುತ್ತಾಳೋ ನೋಡಲಿಕ್ಕೆ. ದಿನವೂ ತೆಗೆದಿದ್ದಾಳೆ, ನಾನು ಮಾತ್ರ ಕೇಳಲಾರದೆ ಊಟಕ್ಕೆ ಕೂತಿದ್ದೇನೆ.

ಈಗ ಒಳಗೆ ಕುರ್ಚಿ ಸರಿದ ಸದ್ದು. ಬಾಗಿಲು ಅರ್ಧ ತೆರೆಯಿತು.

"ಕೀ ಉಂಟಲ್ಲ ನಿಮ್ಮ ಹತ್ತಿರ?"

"ಉಂಟು," ಅಂದೆ. "ಸುಮತಿ, ನಿನಗೆ ಎಂತ ಆಗಿದೆ?"

ಅವಳು ನನ್ನನ್ನೇ ನೋಡಿದಳು. ಚಿಲಕದ ಮೇಲಿನ ಕೈ ತೆಗೆದು, ಒಳಗೆ ಹೋಗಿ ಒಲೆ ಆರಿಸಿ ಬಂದಳು.

"ಊಟ ಆಮೇಲೆ. ಕೂತುಕೊಳ್ಳಿ, ಹೇಳಲಿಕ್ಕೆ ತುಂಬ ಉಂಟು."